ವೀಸಾ ಐದು ವರ್ಷದ್ದು, ಹಾಜರಿ ತೊಂಬತ್ತು ದಿನಕ್ಕೊಮ್ಮೆ

ಉತ್ತರ ಗೋವಾದ ಕರಾವಳಿಯ ಅತಿಥಿಗೃಹವೊಂದರಲ್ಲಿ ಕಾಗದಪತ್ರ ನೋಡಿಕೊಳ್ಳುವ ನನಗೆ ದಿನದ ಮೊದಲ ಕೆಲಸವೆಂದರೆ, ಹಿಂದಿನ ರಾತ್ರಿ ಬಂದಿಳಿದ ವಿದೇಶಿ ಅತಿಥಿಗಳ ಪಾಸ್‌ಪೋರ್ಟುಗಳನ್ನು ಮುಂದಿಟ್ಟುಕೊಂಡು ಸಿ ಫಾರ್ಮ್ ತುಂಬುವುದು. ಪಾಸ್‌ಪೋರ್ಟಿನ ಸಂಖ್ಯೆ, ವೀಸಾದ ಸಂಖ್ಯೆ, ಭಾರತಕ್ಕೆ ಕಾಲಿಟ್ಟ ದಿನ, ಎಲ್ಲಿಂದ ಬಂದರು, ಇಲ್ಲಿಂದ ಎಲ್ಲಿಗೆ ಹೋಗುತ್ತಾರೆ, ಎಷ್ಟು ದಿನ ಇರುತ್ತಾರೆ, ಇಷ್ಟನ್ನೂ ಅವರು ಬಂದ 24 ಗಂಟೆಯೊಳಗೆ ವಲಸೆ ಇಲಾಖೆಯ ಜಾಲತಾಣಕ್ಕೆ ಏರಿಸಬೇಕು. ಹೋಟೆಲಿಗೂ ಇದೇ ನಿಯಮ, ಒಂದೇ ಕೋಣೆ ಬಾಡಿಗೆಗೆ ಕೊಡುವ ಮನೆಗೂ ಇದೇ ನಿಯಮ. 1939ರ ವಿದೇಶಿಯರ ನೋಂದಣಿ ಕಾಯ್ದೆ, 1946ರ ವಿದೇಶಿಯರ ಕಾಯ್ದೆ ಮೊದಲಾದ ಹಳೆಯ ನಾಲ್ಕು ಕಾಯ್ದೆಗಳ ಜಾಗಕ್ಕೆ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದು 2025ರ ಸೆಪ್ಟೆಂಬರ್ 1ರಿಂದ ಜಾರಿಯಾದ ಮೇಲೂ, ಮನೆ ಕೊಟ್ಟವನು ಸುದ್ದಿ ಮುಟ್ಟಿಸಬೇಕೆಂಬ ಮೂಲ ಹೊಣೆ ಹಾಗೆಯೇ ಉಳಿದಿದೆ.

ಇಷ್ಟು ವರ್ಷ ಈ ಕೆಲಸವನ್ನು ಮೇಜಿನ ಈ ಬದಿಯಿಂದ ಮಾತ್ರ ನೋಡಿದ್ದ ನಾನು, ಆ ಬದಿಯಿಂದ ನೋಡುವಂತಾದದ್ದು ಅಕ್ಕನ ಮಗಳಿಂದ. ವಾಸ್ಕೊದಲ್ಲಿ ಹುಟ್ಟಿ ಬೆಳೆದು ಪುಣೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವ ಆಕೆ, ಕಂಪನಿಯ ಒಪ್ಪಿಗೆ ಪಡೆದು 2025ರ ಜನವರಿಯಲ್ಲಿ ಥಾಯ್ಲೆಂಡಿಗೆ ಹೋದಳು. ಕೆಲಸ ಪುಣೆಯದು, ಸಂಬಳ ಪುಣೆಯದು, ವಾಸ ಮಾತ್ರ ಉತ್ತರ ಥಾಯ್ಲೆಂಡಿನ ಒಂದು ಕಾಂಡೊದಲ್ಲಿ, ಅಂದರೆ ಬಾಡಿಗೆ ಫ್ಲ್ಯಾಟಿನಲ್ಲಿ. ಹೀಗೆ ಹೋಗುವ ನಮ್ಮ ಹುಡುಗ ಹುಡುಗಿಯರು ಗೋವಾ, ಪುಣೆ, ಮುಂಬೈಯ ಕನ್ನಡ ಮನೆಗಳಲ್ಲಿ ಈಗ ಅಪರೂಪವೇನಲ್ಲ. ವೀಸಾ ಸಿಗುವವರೆಗೆ ಎಲ್ಲರೂ ಜಾಗರೂಕರಾಗಿರುತ್ತಾರೆ. ಬ್ಯಾಂಕಿನ ಲೆಕ್ಕ, ಕಂಪನಿಯ ಪತ್ರ, ಫೋಟೊದ ಅಳತೆ, ಒಂದೂ ತಪ್ಪುವುದಿಲ್ಲ. ಎಡವುವುದು ವೀಸಾ ಸಿಕ್ಕಿದ ನಂತರ, ಅಲ್ಲಿ ಇಳಿದ ಮೇಲೆ ಆಗಾಗ ಕೊಡಬೇಕಾದ ಹಾಜರಿಯಲ್ಲಿ, ಅಂದರೆ ಎಲ್ಲಿ ವಾಸವಿದ್ದೇವೆಂದು ವಲಸೆ ಕಚೇರಿಗೆ ತಿಳಿಸುವುದರಲ್ಲಿ.

ದೂರದಿಂದ ಕೆಲಸ ಮಾಡುವವರಿಗೆಂದೇ ವೀಸಾ ಕೊಡುವ ಪದ್ಧತಿ ಕೊರೊನಾ ಕಾಲದಲ್ಲಿ ಹಬ್ಬಿದ್ದು. 2020ರಲ್ಲಿ ಬಾರ್ಬಡೋಸ್, ಎಸ್ಟೋನಿಯ, ದುಬೈ ಇದನ್ನು ಆರಂಭಿಸಿದವು. ಮಲೇಷ್ಯಾ 2022ರಲ್ಲಿ ಡಿ ರಂತಾವ್ ಪಾಸ್ ತಂದಿತು. ಸ್ಪೇನ್ ತನ್ನ 2022ರ ಕಾಯ್ದೆಯ ಮೂಲಕ, ಇಟಲಿ 2024ರಲ್ಲಿ, ಬಾಗಿಲು ತೆರೆದವು. ಜಪಾನ್ ಕೂಡ 2024ರ ಮಾರ್ಚ್ ಕೊನೆಯಲ್ಲಿ ಆರು ತಿಂಗಳ ವೀಸಾ ಆರಂಭಿಸಿತಾದರೂ ಅದರ ದೇಶಗಳ ಪಟ್ಟಿಯಲ್ಲಿ ಭಾರತ ಇರಲಿಲ್ಲ. ನಮ್ಮವರಿಗೆ ಹತ್ತಿರವೂ ಕೈಗೆಟಕುವಂಥದ್ದೂ ಆದದ್ದು 2024ರ ಜುಲೈ 15ರಿಂದ ಥಾಯ್ಲೆಂಡ್ ಕೊಡತೊಡಗಿದ ಡಿಟಿವಿ, ಅಂದರೆ ಡೆಸ್ಟಿನೇಷನ್ ಥಾಯ್ಲೆಂಡ್ ವೀಸಾ. ಐದು ವರ್ಷದ ಅವಧಿ, ಎಷ್ಟು ಸಲ ಬೇಕಾದರೂ ಒಳಬರುವ ಅವಕಾಶ, ಒಂದು ಪ್ರವೇಶಕ್ಕೆ 180 ದಿನಗಳ ವಾಸ. ಅರ್ಜಿ ಹಾಕುವವರಿಗೆ 20 ವರ್ಷ ತುಂಬಿರಬೇಕು, ಖಾತೆಯಲ್ಲಿ 5 ಲಕ್ಷ ಬಾತ್ (ಥಾಯ್ಲೆಂಡಿನ ನಾಣ್ಯ) ಇರುವುದನ್ನು ತೋರಿಸಬೇಕು. 2025ರ ಜನವರಿಯಿಂದ ಭಾರತೀಯರು ಅರ್ಜಿಯನ್ನು ಆನ್‌ಲೈನಿನಲ್ಲೇ ಸಲ್ಲಿಸಬಹುದಾಗಿದೆ.

ಗೊಂದಲ ಹುಟ್ಟುವುದು ಇಲ್ಲಿಂದಲೇ. ಐದು ವರ್ಷ ಎಂಬ ಮಾತು ಕಿವಿಗೆ ಬಿದ್ದೊಡನೆ ಮನಸ್ಸು ನಿರಾಳವಾಗುತ್ತದೆ. ಆದರೆ ಆ ಐದು ವರ್ಷ ಬಾಗಿಲು ದಾಟಿ ಒಳಬರುವ ಅವಕಾಶದ ಅವಧಿ. ಒಳಗೆ ಎಷ್ಟು ದಿನ ಇರಬಹುದೆಂಬುದನ್ನು ಹೇಳುವುದು ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗೆ ಬೀಳುವ ಮುದ್ರೆಯಲ್ಲಿನ ದಿನಾಂಕ. ಒಳಗಿರುವಷ್ಟು ಕಾಲ ಎಲ್ಲಿದ್ದೇವೆಂದು ತಿಳಿಸುತ್ತಿರಬೇಕಾದದ್ದು ಈ ಎರಡಕ್ಕೂ ಸೇರದ ಮೂರನೆಯ ಹೊಣೆ, ಅದರ ಲೆಕ್ಕ 90 ದಿನದ್ದು. ಇವುಗಳ ಜೊತೆಗೆ ತೆರಿಗೆಯ ಲೆಕ್ಕ ಇನ್ನೊಂದಿದೆ: ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು 180 ದಿನ ಅಲ್ಲಿದ್ದವರನ್ನು ಥಾಯ್ ತೆರಿಗೆ ಕಾನೂನು ತನ್ನ ನಿವಾಸಿಯೆಂದು ಎಣಿಸುತ್ತದೆ, ನಮ್ಮ ಆದಾಯ ತೆರಿಗೆಯವರು 182 ದಿನದ ಅಳತೆಗೋಲನ್ನು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷಕ್ಕೆ ಹಿಡಿದು ನೋಡುತ್ತಾರೆ. ತೆರಿಗೆಯ ವಿಷಯ ಬೇರೆಯೇ ಲೇಖನಕ್ಕೆ ಸಾಕಾಗುವಷ್ಟಿದೆ. ವಾಸದ 180 ದಿನವೂ ತೆರಿಗೆಯ 180 ದಿನವೂ ಒಂದೇ ಎಂದು ತಿಳಿದುಕೊಂಡವರನ್ನು ಕಂಡಿರುವುದರಿಂದ ಇಲ್ಲಿ ಪ್ರಸ್ತಾಪಿಸಿದೆ.

ಥಾಯ್ಲೆಂಡಿನ ಹಾಜರಿ ಪದ್ಧತಿ ಅಲ್ಲಿನ 1979ರ, ಅಂದರೆ ಬೌದ್ಧ ಶಕ 2522ರ, ವಲಸೆ ಕಾಯ್ದೆಯಲ್ಲಿದೆ. ಅದರ 37ನೆಯ ಸೆಕ್ಷನ್ ಪ್ರಕಾರ ತಾತ್ಕಾಲಿಕವಾಗಿ ಇರಲು ಬಂದ ವಿದೇಶಿಯರು ದೇಶದಲ್ಲಿ ಸತತವಾಗಿ 90 ದಿನಕ್ಕಿಂತ ಹೆಚ್ಚು ಇದ್ದರೆ ತಮ್ಮ ವಾಸಸ್ಥಳವನ್ನು ವಲಸೆ ಅಧಿಕಾರಿಗೆ ತಿಳಿಸಬೇಕು, ನಂತರ ಪ್ರತಿ 90 ದಿನಕ್ಕೊಮ್ಮೆ ತಿಳಿಸುತ್ತಲೇ ಇರಬೇಕು. ಇದಕ್ಕೆ ಬಳಸುವ ನಮೂನೆ ಟಿಎಂ 47. ಅದೇ ಕಾಯ್ದೆಯ 38ನೆಯ ಸೆಕ್ಷನ್, ವಿದೇಶಿಯರನ್ನು ಇರಿಸಿಕೊಂಡ ಮನೆಯೊಡೆಯ ಅಥವಾ ಹೋಟೆಲಿನ ವ್ಯವಸ್ಥಾಪಕ ಅವರು ಬಂದ 24 ಗಂಟೆಯೊಳಗೆ ಸುದ್ದಿ ಕೊಡಬೇಕೆನ್ನುತ್ತದೆ. ಇದರ ನಮೂನೆ ಟಿಎಂ 30. ನಮ್ಮ ಸಿ ಫಾರ್ಮ್ ತುಂಬಿ ಬಲ್ಲವರಿಗೆ ಟಿಎಂ 30 ಅಪರಿಚಿತವೆನಿಸದು.

90 ದಿನದ ಲೆಕ್ಕ ಹೇಗೆ ನಡೆಯುತ್ತದೆಂದು ಅಕ್ಕನ ಮಗಳ ಪಾಸ್‌ಪೋರ್ಟಿನಿಂದಲೇ ಹೇಳುತ್ತೇನೆ. ಆಕೆ ಇಳಿದದ್ದು 2025ರ ಜನವರಿ 11, ಶನಿವಾರ. ಇಳಿದ ದಿನವನ್ನೇ ಒಂದು ಎಂದು ಎಣಿಸಬೇಕು. ಮರುದಿನದಿಂದ ಎಣಿಸುವ ನಮ್ಮ ರೂಢಿಯಿಂದ ಒಂದು ದಿನ ಹೆಚ್ಚುಕಡಿಮೆಯಾಗುತ್ತದೆ. ಜನವರಿಯಲ್ಲಿ 21, ಫೆಬ್ರವರಿಯಲ್ಲಿ 28, ಮಾರ್ಚ್‌ನಲ್ಲಿ 31, ಏಪ್ರಿಲ್‌ನಲ್ಲಿ 10. ತೊಂಬತ್ತನೆಯ ದಿನ ಏಪ್ರಿಲ್ 10. ವಾಸದ ಅವಧಿ ಮುಗಿಯುವ 180ನೆಯ ದಿನ ಜುಲೈ 9. ಹಾಜರಿಯನ್ನು ಖುದ್ದಾಗಿ ಕೊಡುವುದಾದರೆ ಗಡುವಿಗೆ 15 ದಿನ ಮೊದಲಿನಿಂದ ಗಡುವು ಕಳೆದು 7 ದಿನದವರೆಗೆ, ಅಂದರೆ ಮಾರ್ಚ್ 26ರಿಂದ ಏಪ್ರಿಲ್ 17ರವರೆಗೆ, ಅವಕಾಶವಿತ್ತು. ಆನ್‌ಲೈನಿನಲ್ಲಿ ಕೊಡುವವರಿಗೆ ಈ ಕಿಟಕಿ ಇನ್ನೂ ಬೇಗ ಮುಚ್ಚುತ್ತದೆ, ಗಡುವಿಗೆ 7 ದಿನ ಇರುವಾಗಲೇ. ಮೊದಲ ಹಾಜರಿಯನ್ನು ಖುದ್ದಾಗಿ ಕೊಟ್ಟು ಆಮೇಲಿನವನ್ನು ಆನ್‌ಲೈನಿನಲ್ಲಿ ಕೊಡುವುದು ಸಾಮಾನ್ಯ ಕ್ರಮ.

ಗಡುವಿನ ಆಚೆಗೆ ಏಳು ದಿನ ಇದೆಯಲ್ಲ ಎಂದು ಆಕೆ ಸುಮ್ಮನಿದ್ದಳು. ಆ ಏಳು ದಿನಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಏಪ್ರಿಲ್ 11 ಶುಕ್ರವಾರ. 12 ಮತ್ತು 13 ಶನಿವಾರ, ಭಾನುವಾರ. 13ರಿಂದ 15ರವರೆಗೆ ಸಾಂಗ್‌ಕ್ರಾನ್, ಥಾಯ್ಲೆಂಡಿನ ಹೊಸವರ್ಷ. ಹಬ್ಬದ ಒಂದು ದಿನ ಭಾನುವಾರ ಬಿದ್ದದ್ದರಿಂದ ಅದಕ್ಕೆ ಬದಲಾಗಿ 16ರಂದು ರಜೆ. ಕಚೇರಿ ತೆರೆದಿರುವ ದಿನಗಳು 11 ಮತ್ತು 17 ಮಾತ್ರ. ನಮ್ಮಲ್ಲಿ ದೀಪಾವಳಿಯ ವಾರದಲ್ಲಿ ಸರ್ಕಾರಿ ಕೆಲಸ ಇಟ್ಟುಕೊಳ್ಳಬಾರದೆಂದು ಎಲ್ಲರಿಗೂ ಗೊತ್ತು, ಪರದೇಶದ ಹಬ್ಬದ ಪಟ್ಟಿಯನ್ನು ಮಾತ್ರ ಯಾರೂ ಮುಂಚೆ ತೆರೆದು ನೋಡುವುದಿಲ್ಲ.

11ರ ಬೆಳಿಗ್ಗೆ ಆಕೆ ಟಿಎಂ 47 ತುಂಬಿಕೊಂಡು ಪಾಸ್‌ಪೋರ್ಟಿನ ಪ್ರತಿಗಳೊಂದಿಗೆ ವಲಸೆ ಕಚೇರಿಗೆ ಹೋದಳು. ಸರದಿ ಬಂದಾಗ ಅಧಿಕಾರಿ ಕೇಳಿದ್ದು ಟಿಎಂ 30ರ ರಸೀದಿ. ಅಂಥದ್ದೊಂದು ಇದೆಯೆಂದು ಆಕೆ ಅರಿತದ್ದೇ ಆ ಕ್ಷಣದಲ್ಲಿ. ಮೂರು ತಿಂಗಳಿಂದ ಬಾಡಿಗೆ ಪಡೆಯುತ್ತಿದ್ದ ಕಾಂಡೊದ ಮಾಲೀಕ ಒಮ್ಮೆಯೂ ಸುದ್ದಿ ಕೊಟ್ಟಿರಲಿಲ್ಲ, ಫೋನು ಮಾಡಿದರೆ ಹಬ್ಬಕ್ಕೆಂದು ಊರಿಗೆ ಹೊರಟಾಗಿತ್ತು. ಬೇಕಾಗಿದ್ದದ್ದು ಮಾಲೀಕನ ಗುರುತಿನ ಚೀಟಿಯ ಪ್ರತಿ, ಮನೆಯ ನೋಂದಣಿ ಪುಸ್ತಕದ ಪ್ರತಿ, ಬಾಡಿಗೆ ಕರಾರು. ಆರು ದಿನ ಆಕೆ ನಿದ್ದೆ ಸರಿಯಾಗಿ ಮಾಡಲಿಲ್ಲ. ಇತ್ತ ವಾಸ್ಕೊದಲ್ಲಿ ಅಕ್ಕ, ಮಗಳನ್ನು ದೇಶದಿಂದ ಹೊರಹಾಕಿಬಿಡುತ್ತಾರೆಂದೇ ಹೆದರಿದ್ದಳು. 16ರ ರಾತ್ರಿ ಮಾಲೀಕ ಪ್ರತಿಗಳನ್ನು ಮೊಬೈಲಿಗೆ ಕಳಿಸಿದ, 17ರಂದು ಆಕೆಯೇ ಅವನ ಪರವಾಗಿ ಟಿಎಂ 30 ಸಲ್ಲಿಸಿದಳು, ಅವನು ಕಟ್ಟಬೇಕಾದ ದಂಡವನ್ನೂ ತಾನೇ ಕಟ್ಟಿದಳು. ಅಂದೇ ಹಾಜರಿಯೂ ಆಯಿತು. ಮುಂದಿನ ಗಡುವಿನ ದಿನಾಂಕವಿದ್ದ ಅಂಗೈಯಷ್ಟು ಚೀಟಿಯೊಂದನ್ನು ಪಾಸ್‌ಪೋರ್ಟಿನ ಹಾಳೆಗೆ ಪಿನ್ ಹೊಡೆದು ಕೊಟ್ಟರು.

ಕಾಯ್ದೆಯ ಅಕ್ಷರ ಓದಿದರೆ ಇಲ್ಲಿ ತಪ್ಪಿತಸ್ಥ ಮಾಲೀಕ. ಟಿಎಂ 30 ಕೊಡದ ಮನೆಯೊಡೆಯನಿಗೆ 2,000 ಬಾತ್ ಮೀರದ ದಂಡ, ಹೋಟೆಲಿನವನಾದರೆ 2,000ದಿಂದ 10,000 ಬಾತ್. ಬಾಡಿಗೆದಾರನಿಗೆ ಆ ಸೆಕ್ಷನ್ನಿನಲ್ಲಿ ಶಿಕ್ಷೆಯಿಲ್ಲ. ಆದರೆ ರಸೀದಿ ಇಲ್ಲದೆ ನಿಂತುಹೋಗುವುದು ಬಾಡಿಗೆದಾರನ ಕೆಲಸ. ಮಾಲೀಕನದ್ದು ಏನೂ ನಿಲ್ಲುವುದಿಲ್ಲ. ಹೊಣೆ ಒಬ್ಬನದು, ಬಿಸಿ ತಟ್ಟುವುದು ಇನ್ನೊಬ್ಬನಿಗೆ. ಈ ವ್ಯವಸ್ಥೆಯ ದೊಡ್ಡ ಕೊರತೆ ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ, ಮತ್ತು ಈ ಕೊರತೆ ಥಾಯ್ಲೆಂಡಿನದು ಮಾತ್ರವಲ್ಲ. ಗೋವಾದಲ್ಲಿರುವ ಕನ್ನಡಿಗರು ಇದನ್ನು ಚೆನ್ನಾಗಿ ಬಲ್ಲರು. ಗದಗ, ಕೊಪ್ಪಳ, ವಿಜಯಪುರದ ಕಡೆಯಿಂದ ಇಲ್ಲಿಗೆ ದುಡಿಯಲು ಬಂದು ಕೋಣೆ ಹಿಡಿದವರ ಪರಿಶೀಲನಾ ಫಾರ್ಮನ್ನು ಪೊಲೀಸ್ ಠಾಣೆಗೆ ಮುಟ್ಟಿಸಬೇಕಾದವನು ಮನೆ ಮಾಲೀಕ. ಅವನು ಮುಟ್ಟಿಸದಿದ್ದಾಗ, ಪೊಲೀಸರು ವಿಚಾರಣೆಗೆ ಬಂದ ದಿನ ಕೆಲಸ ಬಿಟ್ಟು ಠಾಣೆಯ ಮುಂದೆ ಕೂಲಿ ಕಳೆದುಕೊಂಡು ಕೂರುವವನು ಬಾಡಿಗೆದಾರ. ಪುಣೆಯ ಕಂಪನಿಯ ಸಂಬಳ ಪಡೆಯುವ ಹುಡುಗಿಗೂ ಗಾರೆ ಕೆಲಸದವನಿಗೂ ಎದುರಾಗುವ ತೊಡಕು ಒಂದೇ ಜಾತಿಯದು, ತಡೆದುಕೊಳ್ಳುವ ಶಕ್ತಿ ಮಾತ್ರ ಬೇರೆ.

ಹೀಗಾಗಿ ನನ್ನ ಮಟ್ಟಿಗೆ ಹಾಜರಿಯ ಕೆಲಸ ಆರಂಭವಾಗಬೇಕಾದದ್ದು ಮನೆ ನೋಡುವ ದಿನವೇ. ಮುಂಗಡ ಹಣ ಕೈಬಿಡುವ ಮುನ್ನ, ಟಿಎಂ 30 ಸಲ್ಲಿಸುತ್ತೀರಾ, ರಸೀದಿಯ ಪ್ರತಿ ಕೊಡುತ್ತೀರಾ ಎಂದು ಕೇಳಿ, ಒಪ್ಪಿದ ಮಾತನ್ನು ಕರಾರಿನಲ್ಲಿ ಬರೆಸಿಕೊಳ್ಳಬೇಕು. ನುಣುಚಿಕೊಳ್ಳುವ ಮಾಲೀಕನ ಮನೆ ಎಷ್ಟೇ ಅಗ್ಗವಾಗಿದ್ದರೂ ಬೇಡ. ನಾನೇ ಸಿ ಫಾರ್ಮ್ ತುಂಬುವವನಾಗಿ ಹೇಳುತ್ತೇನೆ, ಅತಿಥಿ ತಾನಾಗಿ ಪ್ರತಿ ಕೇಳಿದರೆ ನಾವು ಬೇಸರಪಡುವುದಿಲ್ಲ. ಕೆಲಸ ಮರೆಯದಂತೆ ಅದು ನಮಗೂ ನೆನಪಿಸುತ್ತದೆ. ನಡುವೆ ಮನೆ ಬದಲಾಯಿಸಿದರೆ ಹೊಸ ಮಾಲೀಕನಿಂದ ಹೊಸ ಟಿಎಂ 30 ಬೇಕು. ಅದೇ ಮನೆಗೆ ವಿದೇಶ ಸುತ್ತಿ ಮರಳಿದಾಗ ಮತ್ತೆ ಬೇಕೇ ಎಂಬುದರಲ್ಲಿ ಕಚೇರಿಯಿಂದ ಕಚೇರಿಗೆ ರೂಢಿ ಬೇರೆಯಾಗಿರುವುದರಿಂದ, ತಮ್ಮ ವಿಳಾಸ ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತದೋ ಅಲ್ಲಿಯೇ ಕೇಳಿ ತಿಳಿಯುವುದು ಕ್ಷೇಮ.

ಹಾಜರಿ ಕೊಟ್ಟರೆ ವಾಸದ ಅವಧಿ ಬೆಳೆಯುತ್ತದೆಂಬುದು ನಾನು ಕೇಳಿರುವ ಅತ್ಯಂತ ಅಪಾಯದ ತಪ್ಪು ತಿಳಿವಳಿಕೆ. ಚೀಟಿಯಲ್ಲಿರುವ ಮುಂದಿನ ದಿನಾಂಕ ಮುಂದಿನ ಹಾಜರಿಯದಷ್ಟೇ. ಅದಕ್ಕೆ ಮೊದಲೇ ಮುದ್ರೆಯಲ್ಲಿನ ಅವಧಿ ಮುಗಿಯುವುದಿದ್ದರೆ ಹೊರಡಲೇಬೇಕು, ಇಲ್ಲವೆ ವಿಸ್ತರಣೆಗೆ ಬೇರೆ ಅರ್ಜಿ ಹಾಕಬೇಕು. ಎರಡು ತಪ್ಪುಗಳಿಗೆ ಇರುವ ಶಿಕ್ಷೆಯನ್ನು ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಹಾಜರಿ ತಡವಾಗಿ ತಾನಾಗಿ ಹೋಗಿ ಒಪ್ಪಿಕೊಂಡವರಿಗೆ ಸಾಮಾನ್ಯವಾಗಿ 2,000 ಬಾತ್ ದಂಡ. ಕಾಯ್ದೆಯಲ್ಲಿರುವ ಮೇಲ್ಮಿತಿ 5,000 ಬಾತ್, ಜೊತೆಗೆ ಸರಿಪಡಿಸುವವರೆಗೆ ದಿನಕ್ಕೆ 200 ಬಾತ್‌ವರೆಗೆ. ಇದು ಹಣದಲ್ಲಿ ಮುಗಿಯುವ ತಪ್ಪು. ಅವಧಿ ಮೀರಿ ಉಳಿದರೆ ದಿನಕ್ಕೆ 500 ಬಾತ್‌ನಂತೆ 20,000ದವರೆಗೆ ದಂಡ. ಅದರ ಮೇಲೆ, 2016ರ ಮಾರ್ಚ್ 20ರಿಂದ ಜಾರಿಯಲ್ಲಿರುವ ನಿಯಮದಂತೆ, 90 ದಿನ ಮೀರಿ ಉಳಿದು ತಾನಾಗಿ ಹೊರಟವರಿಗೆ ಒಂದು ವರ್ಷ ಪ್ರವೇಶ ನಿಷೇಧ, ಸಿಕ್ಕಿಬಿದ್ದವರು ಕೆಲವೇ ದಿನ ಮೀರಿದ್ದರೂ ಐದು ವರ್ಷ ನಿಷೇಧ. ದಾಖಲೆಯಲ್ಲಿ ಅದು ಉಳಿಯುತ್ತದೆ, ಮುಂದೆ ಬೇರೆ ದೇಶದ ವೀಸಾ ಅರ್ಜಿಯಲ್ಲೂ ಉತ್ತರ ಹೇಳಬೇಕಾಗುತ್ತದೆ.

ಇನ್ನೊಂದು ಮಗ್ಗುಲೂ ಇದೆ. ದೇಶ ಬಿಟ್ಟು ಹೊರಟ ಕ್ಷಣ 90 ದಿನದ ಎಣಿಕೆ ಅಳಿಸಿಹೋಗುತ್ತದೆ, ಮರಳಿ ಕಾಲಿಟ್ಟ ದಿನ ಮತ್ತೆ ಒಂದರಿಂದ ಆರಂಭ. ಎಂಬತ್ತನೆಯ ದಿನ ನಾಲ್ಕು ದಿನಕ್ಕೆ ಕ್ವಾಲಾಲಂಪುರಕ್ಕೋ ಮುಂಬೈಗೋ ಹೋಗಿ ಬಂದವರಿಗೆ ಆ ಸುತ್ತಿನ ಹಾಜರಿಯೇ ಬೇಕಿಲ್ಲ. ಪಾಸ್‌ಪೋರ್ಟಿಗೆ ಹಳೆಯ ಚೀಟಿ ಅಂಟಿಕೊಂಡೇ ಇರುವುದರಿಂದ ಅದರಲ್ಲಿನ ದಿನಾಂಕ ನೋಡಿ ಗಾಬರಿಯಾಗುವವರಿದ್ದಾರೆ, ಅದನ್ನೇ ನಂಬಿ ಹೊಸ ಲೆಕ್ಕ ತಪ್ಪುವವರೂ ಇದ್ದಾರೆ. ಥಾಯ್ ಭಾಷೆಯ ರಸೀದಿಗಳಲ್ಲಿ ಇಸವಿ ಬೌದ್ಧ ಶಕದಲ್ಲಿ ಇರಬಹುದು, ನಮ್ಮ 2025 ಅಲ್ಲಿ 2568. ಶಾಲಿವಾಹನ ಶಕದ ಪಂಚಾಂಗ ಓದಿ ಬೆಳೆದ ಅಕ್ಕ ಇದನ್ನು ಮಗಳಿಗಿಂತ ಬೇಗ ಹಿಡಿದಳು.

ಒಳಬರುವಾಗಿನ ಕಾಗದವೂ ಬದಲಾಗಿದೆ. 2025ರ ಮೇ 1ರಿಂದ ಎಲ್ಲ ವಿದೇಶಿಯರೂ ಇಳಿಯುವ ಮುಂಚಿನ ಮೂರು ದಿನಗಳೊಳಗೆ ಟಿಡಿಎಸಿ ಎಂಬ ಡಿಜಿಟಲ್ ಕಾರ್ಡನ್ನು ಆನ್‌ಲೈನಿನಲ್ಲಿ ತುಂಬಬೇಕು. ಇದಕ್ಕೆ ಶುಲ್ಕವಿಲ್ಲ; ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲವೆಂದೇ ತಿಳಿಯಬೇಕು. ಅಲ್ಲಿ ಕೊಡುವ ವಾಸದ ವಿಳಾಸ, ಟಿಎಂ 30ರಲ್ಲಿನ ವಿಳಾಸ, ಟಿಎಂ 47ರಲ್ಲಿನ ವಿಳಾಸ, ಮೂರನ್ನೂ ಒಂದೇ ರೀತಿ ಬರೆಯುವುದು ಒಳ್ಳೆಯದು. ಮನೆ ನಂಬರು, ಸೋಯ್ (ಓಣಿ), ತಂಬೋನ್ (ಹೋಬಳಿಯಂಥ ಆಡಳಿತ ಘಟಕ) ಇವುಗಳ ಕಾಗುಣಿತ ಒಂದೊಂದರಲ್ಲಿ ಒಂದೊಂದು ರೀತಿ ಇದ್ದರೆ ಆನ್‌ಲೈನ್ ಹಾಜರಿ ತಿರಸ್ಕೃತವಾದಾಗ ಕಾರಣ ಹುಡುಕುವುದೇ ಕಷ್ಟ. ಪಾಸ್‌ಪೋರ್ಟ್ ನವೀಕರಿಸಿದವರು ಹಳೆಯದನ್ನು ಜೊತೆಗೆ ಒಯ್ದು ಮುದ್ರೆಗಳನ್ನು ಹೊಸ ಪಾಸ್‌ಪೋರ್ಟಿಗೆ ವರ್ಗಾಯಿಸಿಕೊಂಡ ಮೇಲೆಯೇ ಹಾಜರಿಗೆ ಹೋಗಬೇಕು.

ಬೇರೆ ದೇಶಗಳಲ್ಲಿ ಹಾಜರಿಯ ರೂಪ ಬೇರೆ. ಇಟಲಿಯಲ್ಲಿ ದೀರ್ಘಾವಧಿ ವೀಸಾದ ಮೇಲೆ ಬಂದವರು 8 ಕೆಲಸದ ದಿನಗಳೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು, ಮನೆ ಕೊಟ್ಟವರು 48 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಸ್ಪೇನಿನಲ್ಲಿ ಗುರುತಿನ ಕಾರ್ಡಿಗೆ ಅರ್ಜಿ ಹಾಕಲು ಒಂದು ತಿಂಗಳ ಅವಧಿ. ಅಮೆರಿಕದಲ್ಲಿ ಇಂಥ ವೀಸಾ ಇಲ್ಲದಿದ್ದರೂ, ಮನೆ ಬದಲಾಯಿಸಿದ 10 ದಿನದೊಳಗೆ ಎಆರ್ 11 ಎಂಬ ವಿಳಾಸ ಬದಲಾವಣೆಯ ನಮೂನೆ ಸಲ್ಲಿಸುವ ನಿಯಮ ಅಲ್ಲಿರುವ ನಮ್ಮವರಿಗೆ ಗೊತ್ತಿರುವುದೇ. ಭಾರತವೂ ಹೊರತಲ್ಲ, 180 ದಿನಕ್ಕಿಂತ ಹೆಚ್ಚಿನ ವೀಸಾದ ಮೇಲೆ ದೀರ್ಘಕಾಲ ಇರಲು ಬರುವ ವಿದೇಶಿಯರು 14 ದಿನದೊಳಗೆ ನೋಂದಾಯಿಸಿಕೊಳ್ಳಬೇಕೆನ್ನುತ್ತದೆ. ಯುರೋಪಿನ ದೇಶಗಳು ಬಹುತೇಕ ಆರಂಭದಲ್ಲೊಮ್ಮೆ ಬಿಗಿಯಾಗಿ ಕೇಳಿ ಆಮೇಲೆ ವಿಳಾಸ ಬದಲಾದಾಗ ಮಾತ್ರ ಕೇಳುತ್ತವೆ. ಥಾಯ್ಲೆಂಡಿನಂತೆ ಏನೂ ಬದಲಾಗದಿದ್ದರೂ ಮತ್ತೆ ಮತ್ತೆ ಕೇಳುವ ಪದ್ಧತಿಯನ್ನು ಮರೆಯುವುದು ಸುಲಭ. ನೆನಪಿಸಲು ಯಾವ ಘಟನೆಯೂ ಇರುವುದಿಲ್ಲ, ದಿನಗಳು ಸರಿಯುವುದಷ್ಟೇ.

ಈ ಮರೆವಿನ ಮೇಲೆಯೇ ಏಜೆಂಟರ ವ್ಯಾಪಾರ ನಿಂತಿದೆ. ಸಾಲಿನಲ್ಲಿ ನಿಂತು ಫಾರ್ಮ್ ಕೊಟ್ಟು ಬರುವ ಕೆಲಸಕ್ಕೆ ಹಣ ಪಡೆಯುವುದರಲ್ಲಿ ತಪ್ಪಿಲ್ಲ. ಆದರೆ ಪಾಸ್‌ಪೋರ್ಟನ್ನು ವಾರಗಟ್ಟಲೆ ಇಟ್ಟುಕೊಳ್ಳುವವರು, ಎಲ್ಲ ಆಗಿದೆ ಎಂದು ಬಾಯಲ್ಲಿ ಹೇಳಿ ರಸೀದಿ ಕೊಡದವರು, ನೀವು ಗಡಿ ದಾಟದೆಯೇ ಮುದ್ರೆ ಹಾಕಿಸಿಕೊಡುತ್ತೇವೆನ್ನುವವರು, ಇವರ ಹತ್ತಿರ ಸುಳಿಯಬಾರದು. ಸುಳ್ಳು ಮುದ್ರೆ ಸಿಕ್ಕಿಬಿದ್ದರೆ ಅದು ಜೈಲಿನ ಅಪರಾಧ, ಪಾಸ್‌ಪೋರ್ಟಿನ ಮೇಲೆ ಹೆಸರು ನಿಮ್ಮದೇ ಇರುತ್ತದೆ. ಕಂಪನಿಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ನೌಕರರಿಗೆ ಹೊರದೇಶದಿಂದ ಕೆಲಸ ಮಾಡಲು ಒಪ್ಪಿಗೆಯ ಪತ್ರ ಕೊಡುವ ಪುಣೆ, ಮುಂಬೈಯ ಸಂಸ್ಥೆಗಳು, ಹಾಜರಿಗೆ ಹೋಗುವ ಅರ್ಧ ದಿನವನ್ನು ರಜೆಯೆಂದು ಕಡಿತ ಮಾಡದೆ ಕೆಲಸದ ಭಾಗವೆಂದೇ ಎಣಿಸಿದರೆ, ಮಧ್ಯಾಹ್ನದ ಮೀಟಿಂಗಿಗೆ ಹೆದರಿ ಗಡುವನ್ನು ನಾಳೆ ನಾಳೆ ಎಂದು ತಳ್ಳುವವರು ಕಡಿಮೆಯಾಗುತ್ತಾರೆ. ಅಕ್ಕನ ಮಗಳು ಮಾರ್ಚ್ 26ರಿಂದ ಏಪ್ರಿಲ್ 10ರವರೆಗೆ ಹೋಗದೇ ಉಳಿದದ್ದಕ್ಕೆ ಮುಖ್ಯ ಕಾರಣ, ಪುಣೆಯ ಕಚೇರಿಯಲ್ಲಿ ಆರ್ಥಿಕ ವರ್ಷ ಮುಗಿಯುವ ಗಡಿಬಿಡಿ.

ಜುಲೈ ಮೊದಲ ವಾರ ಆಕೆ ಊರಿಗೆ ಬಂದಳು, ಚೌತಿ ಮುಗಿಸಿಕೊಂಡು ಸೆಪ್ಟೆಂಬರ್ 6ರಂದು ಮತ್ತೆ ಅಲ್ಲಿ ಇಳಿದಳು. ಹೊರಡುವ ಹಿಂದಿನ ದಿನ ಮಾಲೀಕನಿಗೆ ಫೋನು ಮಾಡಿ ಟಿಎಂ 30ರ ಮಾತು ಪಕ್ಕಾ ಮಾಡಿಕೊಂಡಿದ್ದಳು; ಇಳಿದ ಮರುದಿನ ರಸೀದಿಯ ಫೋಟೊ ನಮಗೂ ಬಂತು. ವಾಸ್ಕೊದ ಮನೆಯ ಅಡುಗೆಕೋಣೆಯ ಕ್ಯಾಲೆಂಡರಿನಲ್ಲಿ ಅಕ್ಕ ಡಿಸೆಂಬರ್ 4ಕ್ಕೆ ಕೆಂಪು ಗುರುತು ಹಾಕಿದಳು, ತೊಂಬತ್ತನೆಯ ದಿನ. ಅದರ ಮರುದಿನವೇ, ಡಿಸೆಂಬರ್ 5, ಥಾಯ್ಲೆಂಡಿನಲ್ಲಿ ರಾಷ್ಟ್ರೀಯ ದಿನದ ರಜೆ, 10ರಂದು ಸಂವಿಧಾನ ದಿನದ ರಜೆ. ಕಿಟಕಿ ತೆರೆಯುವುದು ನವೆಂಬರ್ 19, ಬುಧವಾರ. ಆ ದಿನಕ್ಕೂ ಒಂದು ಗುರುತು ಬಿತ್ತು, ಅದು ಹಸಿರು ಪೆನ್ನಿನದು.